ಸಾಹೇಬರ ಅಂಗಿ ಮತ್ತು ಇಸ್ತ್ರಿ ಪೆಟ್ಟಿಗೆ

ಹೊಸ ಬಡಾವಣೆಯ ಹೊಂಗೆಮರದ ನೆರಳಿನಲ್ಲಿ ಮಾಚಪ್ಪನ ಇಸ್ತ್ರಿ ಗಾಡಿ ನಿಂತಿರುತ್ತಿತ್ತು. ಒಂದು ಬೆಳಿಗ್ಗೆ ಅವನು ಪೆಟ್ಟಿಗೆಗೆ ಕೆಂಡ ತುಂಬಿ, ಶಿವನ ಹೆಸರು ಹೇಳಿ, ನಗರಸಭೆಯ ಸಾಹೇಬರ ಬಿಳಿ ಅಂಗಿಯನ್ನು ಹಲಗೆಯ ಮೇಲೆ ಹರಡಿದ.

"ಮೆಲ್ಲಗೆ ಕಣಯ್ಯಾ," ಎಂದಿತು ಅಂಗಿ. "ಇವತ್ತು ನಾನು ದೊಡ್ಡ ಕೆಲಸಕ್ಕೆ ಹೊರಟಿದ್ದೇನೆ. ಈ ರಸ್ತೆಬದಿಯ ಗಾಡಿಗಳನ್ನೆಲ್ಲ ಎತ್ತಿಸಬೇಕು. ಊರಿನ ಅಂದ ಕೆಡುತ್ತಿದೆ."

"ಈ ಗಾಡಿಯನ್ನೂ ಎತ್ತಿಸುತ್ತೀರಾ ಸ್ವಾಮಿ?" ಎಂದು ಇಸ್ತ್ರಿ ಪೆಟ್ಟಿಗೆ ಕೇಳಿತು. "ಮಾಚಪ್ಪನ ಮನೆಯ ಒಲೆ ಉರಿಯುವುದು ನನ್ನ ಕೆಂಡದಿಂದಲೇ."

"ಕಾನೂನಿಗೆ ಒಲೆ ಗಿಲೆ ಗೊತ್ತಿಲ್ಲ. ಮಾತು ಸಾಕು, ಕಾಲರ್ ತಿದ್ದು."

ಪೆಟ್ಟಿಗೆ ಕಾಲರನ್ನು ನೆಟ್ಟಗೆ ತಿದ್ದಿ ಕಳಿಸಿತು. ಮಧ್ಯಾಹ್ನ ಅದೇ ಅಂಗಿ ತೊಟ್ಟ ಸಾಹೇಬರು ಮುಂದೆ ನಿಂತು, ಗಾಡಿಯನ್ನು ಪೆಟ್ಟಿಗೆ ಸಮೇತ ಲಾರಿಗೆ ಹಾಕಿಸಿದರು. ಮಾಚಪ್ಪ ಎಷ್ಟು ಕೈಮುಗಿದರೂ ಅಂಗಿಯ ಕಾಲರ್ ಬಾಗಲಿಲ್ಲ.

ಮರುದಿನ ಬೆಳಿಗ್ಗೆ ಸಾಹೇಬರು ಮುದುಡಿದ ಅಂಗಿಯನ್ನು ಕಂಕುಳಲ್ಲಿಟ್ಟುಕೊಂಡು ಹೊಂಗೆಮರದ ಕೆಳಗೆ ಬಂದರು. ಸುತ್ತ ನೋಡಿದರು. ಆಮೇಲೆ ರೇಗಿದರು: "ಎಲ್ಲಿ ಹಾಳಾಗಿ ಹೋದ ಈ ಮಾಚಪ್ಪ? ಈ ಜನಕ್ಕೆ ದುಡಿದು ತಿನ್ನುವ ಮನಸ್ಸೇ ಇಲ್ಲ!"