ಕೊಳದ ಸುತ್ತ

“ಗುರುಗಳೇ, ಜಪಕ್ಕೆ ಕುಳಿತಾಗ ಇಲ್ಲಿ ಎಲ್ಲರೂ ತೂಗಾಡುತ್ತಾರೆ. ನಾನೂ ತೂಗಾಡುತ್ತೇನೆ. ಏಕೆಂದು ತಿಳಿಯದು. ಆದರೂ ಇಷ್ಟು ಜನ ಮಾಡುವುದು ತಪ್ಪಾದೀತೇ?” ಎಂದು ಶಿಷ್ಯ ಕೇಳಿದ. ಕೇಳುವಾಗಲೂ ತೂಗಾಡುತ್ತಲೇ ಇದ್ದ.

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿಯ ಮಗಳನ್ನು ನೋಡಲು ಸಂಜೆ ಗಂಡಿನ ಕಡೆಯವರು ಬರುವವರಿದ್ದರು. ವ್ಯಾಪಾರಿಗೆ ಕೂತಲ್ಲಿ ಕೂರಲಾಗಲಿಲ್ಲ. ಉಪ್ಪಿಟ್ಟಿಗೆ ಸಾಸಿವೆ ಸಾಕೇ ಎಂದು ಮತ್ತೆ ಮತ್ತೆ ಅಡುಗೆಮನೆಗೆ ಬಂದು ಕೇಳಿದ.

“ನೀವು ಪಾರ್ಕಿಗಾದರೂ ಹೋಗಿ ಬನ್ನಿ ಮಹರಾಯರೇ. ದೀಪ ಹಚ್ಚುವ ಹೊತ್ತಿಗೆ ಬಂದರೆ ಸಾಕು” ಎಂದು ಹೆಂಡತಿ ಅವನನ್ನು ಹೊರಗೆ ಕಳಿಸಿದಳು.

ಊರಾಚೆಯ ಆ ಪಾರ್ಕಿಗೆ ಅವನು ಹೋದದ್ದು ಅದೇ ಮೊದಲು. ಒಳಗೆ ಕಾಡಿನಂತೆ ಮರಗಳು, ನಡುವೆ ದೊಡ್ಡ ಕೊಳ. ಸ್ವಲ್ಪ ಹೊತ್ತಿನಲ್ಲೇ ಗೇಟು ಯಾವ ಕಡೆ ಎಂಬುದು ಮರೆತುಹೋಯಿತು. ಕೇಳಲು ನಾಚಿಕೆ. ಮುಂದೆ ದಪ್ಪ ಮನುಷ್ಯನೊಬ್ಬ ಬಿರಬಿರನೆ ಹೋಗುತ್ತಿದ್ದ. ಇವನಿಗೆ ದಾರಿ ಗೊತ್ತಿದೆ ಎಂದುಕೊಂಡು ವ್ಯಾಪಾರಿ ಅವನ ಹಿಂದೆ ಬಿದ್ದ. ಆ ಮನುಷ್ಯನ ಮುಂದೆಯೂ ಜನ, ಅವರ ಮುಂದೆಯೂ ಜನ. ವ್ಯಾಪಾರಿಗೆ ಧೈರ್ಯ ಬಂತು.

ದಾರಿಯಲ್ಲಿ ಬೆಂಚಿನ ಮೇಲೆ ಮುದುಕಿಯೊಬ್ಬಳು ಹೂಬತ್ತಿ ಹೊಸೆಯುತ್ತಿದ್ದಳು. ಇನ್ನಷ್ಟು ದೂರ ನಡೆದರೆ ಮತ್ತೊಂದು ಬೆಂಚು, ಮತ್ತೊಬ್ಬ ಮುದುಕಿ, ಅವಳ ಕೈಯಲ್ಲೂ ಬತ್ತಿ. ‘ಎಂಥ ಪಾರ್ಕಪ್ಪ, ಬೆಂಚಿಗೊಬ್ಬ ಮುದುಕಿ!’ ಎಂದು ವ್ಯಾಪಾರಿ ಬೆರಗಾದ.

ಮುಂದಿನ ಬೆಂಚಿನ ಮುದುಕಿ ಮಾತೇ ಆಡಿದಳು. “ಏನಯ್ಯಾ, ಕೊಳಕ್ಕೆ ಪ್ರದಕ್ಷಿಣೆಯ ಹರಕೆ ಹೊತ್ತಿದ್ದೀಯಾ? ಆಗಿನಿಂದ ಸುತ್ತುತ್ತಲೇ ಇದ್ದೀಯ. ಕತ್ತಲಾಯಿತು, ಬೀಗ ಹಾಕುತ್ತಾರೆ. ಇಗೋ, ಗೇಟು ಈ ಬಿದಿರುಮೆಳೆಯ ಹಿಂದೆಯೇ ಇದೆ.”

ವ್ಯಾಪಾರಿ ಇಣುಕಿದ. ಸಣ್ಣ ಕಾಲುದಾರಿ. ನರಪಿಳ್ಳೆಯೂ ಇಲ್ಲ.

“ಆ ಕಡೆ ಒಬ್ಬರೂ ಹೋಗುತ್ತಿಲ್ಲವಲ್ಲಮ್ಮ! ಇಷ್ಟು ಜನಕ್ಕೆ ಗೊತ್ತಿಲ್ಲದ್ದು ನಿನಗೊಬ್ಬಳಿಗೆ ಗೊತ್ತೇ?” ಎಂದವನೇ, ದಪ್ಪ ಮನುಷ್ಯ ಎಲ್ಲಿ ಕಣ್ತಪ್ಪಿ ಹೋಗುತ್ತಾನೋ ಎಂದು ಓಡಿದ.

ಮುದುಕಿ ಬತ್ತಿಯ ಗಂಟು ಕಟ್ಟಿಕೊಂಡು ಮನೆಗೆ ಹೋದಳು. ಗೇಟಿಗೆ ಬೀಗ ಬಿತ್ತು. ಅತ್ತ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು, ಹುಡುಗಿಯ ತಂದೆ ಎಲ್ಲಿ ಎಂದು ಕೇಳಿ ಕೇಳಿ ಸಾಕಾಗಿ ಎದ್ದು ಹೋದರು.

ಶಿಷ್ಯ ಬಿದ್ದು ಬಿದ್ದು ನಕ್ಕ. “ಎಂಥ ಪೆದ್ದ! ಅದಿರಲಿ ಗುರುಗಳೇ, ಎಲ್ಲರಿಗಿಂತ ಮುಂದೆ ಇದ್ದವನು ಯಾರ ಹಿಂದೆ ಹೋಗುತ್ತಿದ್ದ?” ಎಂದು ಕೇಳಿ ಮತ್ತೆ ತೂಗಾಡತೊಡಗಿದ.

“ವ್ಯಾಪಾರಿಯ ಹಿಂದೆ” ಎಂದರು ಗುರುಗಳು.

ಶಿಷ್ಯನ ತೂಗಾಟ ನಿಂತಿತು.