ರಾಹೇಲವ್ವನ ಕಲ್ಲಿನ ನಡುವಿನ ಸಾಲು

ಗೋರಿಕಲ್ಲು ಕೆತ್ತುವ ಜೀವರತ್ನಪ್ಪನದು ಒಂದು ಪದ್ಧತಿ. ಏನೇ ಕೆತ್ತುವುದಿದ್ದರೂ ಮೊದಲು ಸೀಮೆಸುಣ್ಣದಲ್ಲಿ ಬರೆದು ಮನೆಯವರಿಗೆ ತೋರಿಸುವನು. ಅವರು ಹೂಂ ಅಂದ ಮೇಲೆಯೇ ಉಳಿ ಹಿಡಿಯುವನು. ಸುಣ್ಣವನ್ನು ಒರೆಸಬಹುದು, ಉಳಿಯ ಗೆರೆಯನ್ನು ಒರೆಸಲಾಗದು.

ಅವನ ಊರಿನ ಕ್ರೈಸ್ತರು ಕಲ್ಲಿನ ಮೇಲೆ ಮೂರು ತಾರೀಖು ಹಾಕಿಸುತ್ತಿದ್ದರು. ಹುಟ್ಟಿದ್ದು, ತೀರಿಕೊಂಡದ್ದು, ನಡುವಿನ ಸಾಲಿನಲ್ಲಿ ಪಾಪದಿಂದ ಬಿಡುಗಡೆಯಾಗಿ ರಕ್ಷಣೆ ಹೊಂದಿದ್ದು. ಜೀವರತ್ನಪ್ಪನೂ ಕ್ರೈಸ್ತನೇ. ಮೂವತ್ತು ವರ್ಷ ಆ ಸಾಲನ್ನು ಕೆತ್ತಿದ್ದ, ಅದರ ಅರ್ಥವೇನೆಂದು ಮಾತ್ರ ಯಾರನ್ನೂ ಕೇಳಿರಲಿಲ್ಲ. ಕೇಳುವ ಪ್ರಸಂಗ ಬಂದದ್ದು ರಾಹೇಲವ್ವನ ಕಲ್ಲಿನಿಂದ.

ರಾಹೇಲವ್ವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಆಕೆಯ ಗಂಡ ಸಮುವೇಲಪ್ಪನಿಗೆ ಒಂದೇ ಆಸೆ. ಬರುವ ಭಾನುವಾರ ವರ್ಷದ ಪ್ರಾರ್ಥನೆಗೆ ಕಲ್ಲು ನಿಲ್ಲಬೇಕು, ಮೂವರು ಮಕ್ಕಳೂ ಅದರ ಮುಂದೆ ಒಟ್ಟಿಗೆ ನಿಲ್ಲಬೇಕು. ಅವನ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಇನ್ನೊಂದು ವರ್ಷ ಕಾದರೆ ನೋಡುವ ಭಾಗ್ಯ ಇರುತ್ತದೋ ಇಲ್ಲವೋ.

ಮೊದಲು ಬಂದವನು ಹಿರಿಯ ಮಗ ಸತ್ಯಾನಂದ. ಊರಿನ ಹಳೆಯ ಮಿಶನ್ ಚರ್ಚಿನ ಸಭಾಹಿರಿಯ ಅವನು. "ಅವ್ವ ಹತ್ತೊಂಬತ್ತರಾಕಿ ಇದ್ದಾಗ ಪ್ರಾರ್ಥನಾ ಕೂಟದಾಗ ಎದ್ದು ನಿಂತು ಯೇಸುವನ್ನ ನಂಬೀನಿ ಅಂದ್ಲು. ನಂಬಿದ ದಿನಾನ ರಕ್ಷಣೆ. ಅದನ್ನ ಬರಿ," ಎಂದ.

ಜೀವರತ್ನಪ್ಪ ಬರೆದ. ಬರೆದು ತಲೆ ಕೆರೆದುಕೊಂಡ. "ಅಣ್ಣಾರ, ನನಗ ಸೋಮವಾರ ನಂಬಿಕಿ ಇರತೈತಿ, ಬುಧವಾರ ಇರಂಗಿಲ್ಲ. ಹಂಗಿದ್ರ ನನ್ನ ತಾರೀಖು ಯಾವುದ್ರಿ?"

"ಹಿಡಿದಾವ ದೇವರು. ನಿನ್ನ ಕೈ ಸಡಿಲಾದ್ರೂ ಅವನ ಕೈ ಸಡಿಲಾಗಂಗಿಲ್ಲ," ಎಂದ ಸತ್ಯಾನಂದ. ಜೀವರತ್ನಪ್ಪನಿಗೆ ಅದು ಸರಿ ಅನ್ನಿಸಿತು.

ಮರುದಿನ ಎರಡನೆಯ ಮಗ ದೇವಪುತ್ರ ಬಂದು ಒದ್ದೆ ಬಟ್ಟೆಯಿಂದ ಆ ತಾರೀಖನ್ನು ಒರೆಸಿಬಿಟ್ಟ. ಅವನು ಕ್ಯಾಥೋಲಿಕ್ ಹುಡುಗಿಯನ್ನು ಮದುವೆಯಾಗಿ ಆ ದೇವಾಲಯಕ್ಕೇ ಸೇರಿದವನು. "ಒಂದು ದಿನಕ್ಕ ಮುಗಿಯೂ ಕೆಲಸೇನಿದು? ಜೀವನಪೂರ್ತಿ ನಡಿಯೂ ದಾರಿ. ಸತ್ತ ಮ್ಯಾಲೂ ನಾವು ಪ್ರಾರ್ಥನೆ ಮಾಡಬೇಕು. ತಾರೀಖು ಬ್ಯಾಡ, 'ಈಕೆಯ ಆತ್ಮಕ್ಕಾಗಿ ಪ್ರಾರ್ಥಿಸಿರಿ' ಅಂತ ಬರಿ." ಇದೂ ಸರಿ ಅನ್ನಿಸಿತು. ಇಷ್ಟು ವರ್ಷ ಕಲ್ಲು ಕೆತ್ತಿದವನಿಗೆ ಒಂದೇ ದಿನದಲ್ಲಿ ಕೆಲಸ ಕಲಿತೆ ಎನ್ನುವವರ ಮೇಲೆ ಮೊದಲಿನಿಂದಲೂ ಅನುಮಾನ.

ಸಂಜೆ ಮಗಳು ಸುಗುಣಾ ಬಂದಳು. ಪೇಟೆಯಲ್ಲಿ ಹೊಸದಾಗಿ ಶುರುವಾದ ಪ್ರಾರ್ಥನಾ ಸಭೆಯವಳು. ದೇವಪುತ್ರ ಬರೆಸಿದ್ದನ್ನು ಅವಳೂ ಒರೆಸಿದಳು. "ಅವ್ವ ಅರವತ್ತೆರಡನೇ ವಯಸ್ಸಿನಾಗ ನನ್ನ ಕೈ ಹಿಡಕೊಂಡು ಹೊಳ್ಯಾಗ ಇಳಿದು ದೀಕ್ಷಾಸ್ನಾನ ತಗೊಂಡಾಳ. ತಿಳುವಳಿಕಿ ಬಂದ ಮ್ಯಾಲೆ ತಗೊಂಡಿದ್ದ ಖರೆ. ಆ ತಾರೀಖು ಹಾಕು."

ಆ ಹೊಳೆಯ ದಿನದಿಂದಲೇ ಹಿರಿಯಣ್ಣ ಸತ್ಯಾನಂದನೂ ತಂಗಿಯೂ ಮಾತು ಬಿಟ್ಟಿದ್ದರು. ಕೂಸಾಗಿದ್ದಾಗ ಅವ್ವನಿಗೆ ಆದ ದೀಕ್ಷಾಸ್ನಾನ ಹಾಗಾದರೆ ಸುಳ್ಳೇ ಎಂದು ಅಣ್ಣ ಕೇಳಿದ್ದ. ಸುಳ್ಳೇ ಎಂದು ತಂಗಿ ಹೇಳಿದ್ದಳು. ಈಗ ಮೂವರದೂ ಒಂದೇ ಹಟ. ತನ್ನ ಮಾತು ಕಲ್ಲಿನ ಮೇಲೆ ಇಲ್ಲದಿದ್ದರೆ ತಾನು ಗೋರಿಯ ಹತ್ತಿರ ಬರುವುದಿಲ್ಲ.

ಜೀವರತ್ನಪ್ಪ ಸಮುವೇಲಪ್ಪನ ಮನೆಗೆ ಹೋದ. "ಅಜ್ಜಾರ, ಮೂರೂ ಮಂದಿ ಹೇಳೂದು ಕೇಳಿದ್ರ ಮೂರೂ ಖರೇನ ಅನಸ್ತಾವು. ನೀವರ ಹೇಳ್ರಿ."

ಮುದುಕ ಅವನನ್ನು ಹತ್ತಿರ ಕೂರಿಸಿಕೊಂಡ. "ನಲವತ್ತೆಂಟು ವರ್ಷ ಆಕಿ ಕೂಡ ಬಾಳೇವಿ ಮಾಡೀನಿ. ನನಗ ಆ ದಿನ ಗೊತ್ತಿಲ್ಲ. ಇವರಿಗೆ ಹೆಂಗ ಗೊತ್ತಾತು? ನಡುವಿನ ಸಾಲು ಖಾಲಿ ಬಿಡು. ಅಲ್ಲಿ ಏನು ಕೆತ್ತೀದಿ ಅಂತ ಭಾನುವಾರದ ತನಕ ಯಾರಿಗೂ ಹೇಳಬ್ಯಾಡ."

ಭಾನುವಾರ ಮೂವರೂ ಬಂದರು. ಭಕ್ತಿಯಿಂದಲ್ಲ, ಯಾರ ಮಾತು ಗೆದ್ದಿತೆಂದು ನೋಡಲು. ಕಲ್ಲಿನ ನಡುವೆ ನುಣ್ಣನೆಯ ಖಾಲಿ ಜಾಗ ಕಂಡು ಒಬ್ಬರ ಮುಖ ಒಬ್ಬರು ನೋಡಿದರು.

"ಇವ ಉಳಿ ತಂದಾನ," ಎಂದ ಸಮುವೇಲಪ್ಪ, ಪಕ್ಕದಲ್ಲಿ ನಿಂತಿದ್ದ ಜೀವರತ್ನಪ್ಪನನ್ನು ತೋರಿಸಿ. "ನಿಮ್ಮವ್ವ ತನ್ನ ಬಾಯಿಲೆ ಯಾರಿಗರ ಆ ದಿನ ಹೇಳಿದ್ರ ಮುಂದ ಬರ್ರಿ. ಈಗ ಕೆತ್ತಲಿ."

ಯಾರೂ ಮುಂದೆ ಬರಲಿಲ್ಲ. ಸತ್ಯಾನಂದ ಅದನ್ನು ಅಜ್ಜಿಯಿಂದ ಕೇಳಿದ್ದ. ದೇವಪುತ್ರ ಪಾದ್ರಿಗಳ ಮಾತು ನೆಚ್ಚಿದ್ದ. ಕೊನೆಗೆ ಸುಗುಣಾ ಬಾಯಿ ಬಿಟ್ಟಳು.

"ನಾ ಕೇಳಿದ್ದೆ. ಸಾಯೂ ಮೂರು ದಿನ ಮೊದಲು. ಅವ್ವಾ, ಯಾವ ದಿನ ಅಂತ ನೀನ ಹೇಳಿಬಿಡು, ಅಣ್ಣನ ಬಾಯಿ ಮುಚ್ಚಸ್ತೀನಿ ಅಂದೆ. ಅವ್ವ ನಕ್ಕಳು. ಮದ್ಲ ಅಣ್ಣನ್ನ ಊಟಕ್ಕ ಕರದು ಬಾ, ಇಬ್ಬರೂ ನನ್ನ ಮುಂದ ಕುಂತು ಉಂಡ ಮ್ಯಾಲೆ ಹೇಳ್ತೀನಿ ಅಂದ್ಲು." ಅವಳು ಕಲ್ಲಿನ ಖಾಲಿ ಜಾಗದ ಮೇಲೆ ಕೈಯಿಟ್ಟಳು. "ನಾ ಕರೀಲಿಲ್ಲ. ಅವ್ವ ಹೇಳಲಿಲ್ಲ."

ಜೀವರತ್ನಪ್ಪ ಉಳಿಯನ್ನು ಚೀಲಕ್ಕೆ ಹಾಕಿದ. ಕೇಳಲು ಅವನ ಬಳಿ ಇನ್ನೂ ಹತ್ತು ಪ್ರಶ್ನೆಗಳಿದ್ದವು, ಆದರೆ ಕೇಳಲಿಲ್ಲ. ಸತ್ಯಾನಂದ ಕಣ್ಣೊರೆಸಿಕೊಂಡು ತಂಗಿಯ ಹತ್ತಿರ ಬಂದ. "ಇವತ್ತ ಕರೀತಿಯೇನು?"

ಕರೆದಳು. ಅಂದು ಅಣ್ಣ ತಮ್ಮ ತಂಗಿ ಮೂವರೂ ಸುಗುಣಾಳ ಮನೆಯಲ್ಲಿ ಅಪ್ಪನ ಜೊತೆ ಕುಳಿತು ಉಂಡರು. ಊಟದ ನಡುವೆಯೇ ರಕ್ಷಣೆ ಎಂದರೇನು ಎಂಬ ವಾದ ಮತ್ತೆ ಶುರುವಾಯಿತು, ಯಾರೂ ಎದ್ದು ಹೋಗಲಿಲ್ಲ. ಆದರೆ ಉಂಡ ಮೇಲೆ ಹೇಳುತ್ತೇನೆ ಎಂದವಳು ಮಣ್ಣಿನೊಳಗಿದ್ದಳು.

ನೀತಿ: ರಕ್ಷಣೆ ಎಂದರೇನು ಎಂದು ಧಾರಾಳವಾಗಿ ಕೇಳಿ, ವಾದಿಸಿ, ಅದರಲ್ಲಿ ತಪ್ಪಿಲ್ಲ. ಆದರೆ ಮತ್ತೊಬ್ಬರ ರಕ್ಷಣೆಯ ತೀರ್ಪನ್ನು ನೀವು ಬರೆಯಲು ಹೋಗಬೇಡಿ, ವಾದ ಗೆದ್ದ ಮೇಲೆ ಒಂದಾಗೋಣ ಎಂದು ಒಡಹುಟ್ಟಿದವರನ್ನು ದೂರವೂ ಇಡಬೇಡಿ. ಅಷ್ಟರಲ್ಲಿ ಉತ್ತರ ಗೊತ್ತಿದ್ದವರು ಹೊರಟುಹೋಗಿರುತ್ತಾರೆ.