ವೇಗವನ್ನೂ ನೋಡುತ್ತಿದ್ದ ರಿಲೇ

ಒಂದು ವಿದ್ಯುತ್ ಕೇಂದ್ರದ ಗೋಡೆಯ ಮೇಲೆ ಅಂಗೈಯಗಲದ ರಿಲೇಯೊಂದಿತ್ತು. ಜನರೇಟರಿನ ವೋಲ್ಟೇಜು ಅದರ ವೇಗಕ್ಕೆ ತಕ್ಕಷ್ಟೇ ಇದೆಯೇ ಎಂದು ನೋಡುವುದು, ಮೀರಿದರೆ ಕರೆಂಟು ಕಡಿಯುವುದು ಅದರ ಕೆಲಸ. ಹತ್ತು ವರ್ಷ ಅದು ಬಾಯಿ ಬಿಟ್ಟಿರಲಿಲ್ಲ. ಹಾಗಾಗಿ ವೋಲ್ಟೇಜು ಕಾಯುವ ರೆಗ್ಯುಲೇಟರು ಅದನ್ನು "ಏ ಮೊಳೆ" ಎಂದೇ ಕರೆಯುತ್ತಿತ್ತು.

ಒಂದು ಮಧ್ಯಾಹ್ನ ದುರಸ್ತಿಗೆಂದು ಜನರೇಟರನ್ನು ತಿರುಗಿಸುವ ಟರ್ಬೈನಿಗೆ ನೀರು ನಿಲ್ಲಿಸಿದರು. ಆದರೆ ರೆಗ್ಯುಲೇಟರನ್ನು ಆರಿಸಲು ಮರೆತರು. ಜನರೇಟರು ನಿಧಾನವಾದಷ್ಟೂ ರೆಗ್ಯುಲೇಟರು ವೋಲ್ಟೇಜು ಇಳಿಯಬಾರದೆಂದು ಹಟ ಹಿಡಿದು ಅದರ ಸುರುಳಿಗೆ ಇನ್ನಷ್ಟು ಕರೆಂಟು ತುಂಬಿತು.

"ಅಯ್ಯೋ, ನನ್ನೊಳಗಿನ ಕಬ್ಬಿಣ ಬೇಯುತ್ತಿದೆ!" ಎಂದು ಆ ವೋಲ್ಟೇಜನ್ನು ಹೊರುವ, ಅಂಗಳದ ಮುದಿ ಟ್ರಾನ್ಸ್‌ಫಾರ್ಮರು ನರಳಿತು.

"ಸುಮ್ಮನಿರಿ ಅಜ್ಜಾ. ಮೀಟರು ನೋಡಿ, ವೋಲ್ಟೇಜು ಕೂದಲೆಳೆಯಷ್ಟೂ ಹೆಚ್ಚಿಲ್ಲ" ಎಂದಿತು ರೆಗ್ಯುಲೇಟರು.

ಮೀಟರು ಹೇಳುತ್ತಿದ್ದುದು ನಿಜವೇ. ರಿಲೇ ಮೊದಲ ಸಲ ಬಾಯಿ ಬಿಟ್ಟದ್ದೂ ಅದಕ್ಕೇ: ವೇಗ ಇಳಿದರೂ ವೋಲ್ಟೇಜು ಇಳಿದಿರಲಿಲ್ಲ.

"ಸ್ವಾಮಿ, ವೇಗ ಮುಕ್ಕಾಲಿಗಿಳಿದಿದೆ. ವೇಗ ಇಳಿದಷ್ಟೂ ಅದೇ ವೋಲ್ಟೇಜು ಅಜ್ಜನ ಕಬ್ಬಿಣಕ್ಕೆ ಹೆಚ್ಚು ಭಾರ; ಪೂರ್ತಿ ವೇಗದ ವೋಲ್ಟೇಜನ್ನು ಈಗಲೂ ಹೊರಿಸಿದರೆ ಅಜ್ಜ ಉಳಿಯುವುದಿಲ್ಲ. ಇಳಿಸಿ."

"ನನಗೇ ಬುದ್ಧಿ ಹೇಳುತ್ತೀಯಾ? ಹತ್ತು ವರ್ಷ ಏನು ಕಡಿದು ಗುಡ್ಡೆ ಹಾಕಿದೆ?"

"ನೋಡುತ್ತಿದ್ದೆ" ಎಂದ ರಿಲೇ, ಟಕ್ಕೆಂದು ಸುರುಳಿಗೆ ಹೋಗುವ ಕರೆಂಟಿನ ದಾರಿಯನ್ನೇ ಕಡಿದುಹಾಕಿತು. ಮೀಟರಿನ ಮುಳ್ಳು ಸರ್ರನೆ ಕೆಳಗಿಳಿಯಿತು. ಅಜ್ಜನ ನರಳಾಟ ನಿಂತಿತು.

ಮರುದಿನ ನೀರು ಬಿಟ್ಟರು. ಜನರೇಟರು ಗಿರ್ರನೆ ತಿರುಗಿತು. ಏಳು ಊರುಗಳಿಗೆ ಬೆಳಕು ಕೊಡಲು ಅಜ್ಜ ಮತ್ತೆ ಗಟ್ಟಿಮುಟ್ಟಾಗಿ ನಿಂತಿತ್ತು. ರೆಗ್ಯುಲೇಟರು ಮಾತ್ರ ಮೊದಲ ಹನಿ ಕರೆಂಟು ಬಿಡುವ ಮುನ್ನ ಗೋಡೆಯ ಕಡೆ ತಿರುಗಿ ಕೇಳಿತು:

"ರಿಲೇಯವರೇ, ವೇಗ ಎಷ್ಟಾಯಿತು?"